ಹಸಿರು ಫಲಕ ಮೀಮಾಂಸೆ

ವ್ಯಾಪಾರವು ದ್ವಿವಿಧ: ಹಸಿರಾಗಿರುವುದು ಮತ್ತು ಹಸಿರೆಂದು ಫಲಕ ಹಾಕಿಕೊಂಡದ್ದು. ಮೊದಲನೆಯದರಿಂದ ಬಾಡಿಗೆ ಏರುವುದಿಲ್ಲವಾದ್ದರಿಂದ ಈ ಗ್ರಂಥವು ಎರಡನೆಯದನ್ನೇ ನಿರೂಪಿಸುತ್ತದೆ.

ಫಲಕದ ಲಕ್ಷಣ ಹೀಗಿದೆ. ರಿಸೆಪ್ಷನ್ ಮೇಜಿನ ಹಿಂದಿನ ಗೋಡೆಗೆ ನಾಲ್ಕು ಸ್ಟೀಲ್ ಸ್ಕ್ರೂ ಬಿಗಿದು ಕೂರಿಸಿದ ಗಾಜಿನ ಹಲಗೆ. ಅದರ ನೆತ್ತಿಯ ಮೇಲೆ ಹಗಲಿನಲ್ಲೂ ಎರಡು ದೀಪ ಉರಿಯತಕ್ಕದ್ದು. ಇಂಧನ ಉಳಿಸಿದ ಕೀರ್ತಿ ಕತ್ತಲಲ್ಲಿ ಬಿದ್ದಿದ್ದರೆ ಉಳಿಸಿ ಫಲವೇನು?

ಕಟ್ಟಡ ಎಷ್ಟು ಹಸಿರೆಂದು ಅಳೆಯುವ, ಅಮೆರಿಕದಿಂದ ಬಂದ ಲೀಡ್ ಪದ್ಧತಿಯಲ್ಲಿ ಒಟ್ಟು 110 ಅಂಕ. 40ಕ್ಕೆ ಪಾಸು, 50ಕ್ಕೆ ಬೆಳ್ಳಿ, 60ಕ್ಕೆ ಚಿನ್ನ, 80 ಮುಟ್ಟಿದರೆ ಪ್ಲಾಟಿನಂ. ಕೆಲವು ಕಡ್ಡಾಯ ಷರತ್ತು ಬಿಟ್ಟರೆ ಒಂದು ಕಡೆ ಕಳೆದುಕೊಂಡದ್ದನ್ನು ಇನ್ನೊಂದು ಕಡೆ ಗಿಟ್ಟಿಸಿಕೊಳ್ಳಬಹುದು. ಸೈಕಲ್ ನಿಲ್ಲಿಸುವ ಜಾಗ, ಬೆವರಿ ಬಂದವರಿಗೆ ಸ್ನಾನದ ಕೋಣೆ ಮೊದಲಾದ ಏರ್ಪಾಡಿಗೂ ಅಂಕವುಂಟು. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಯಾರಾದರೂ ಸೈಕಲ್ ತುಳಿದು ಜೀವಸಹಿತ ಬರಲೇಬೇಕೆಂಬ ನಿಯಮವಿಲ್ಲ. ಆ ಸ್ಟ್ಯಾಂಡಿಗೆ ಸೆಕ್ಯುರಿಟಿಯವರು ಊಟದ ಚೀಲ ನೇತುಹಾಕಿದರೂ ಅಂಕಕ್ಕೆ ಚ್ಯುತಿಯಿಲ್ಲ.

ಇಲ್ಲಿ ಪೂರ್ವಪಕ್ಷಿ ಏಳುತ್ತಾನೆ: “ಸ್ವಾಮಿ, ಬೇಸಿಗೆಯಲ್ಲಿ ಗೇಟಿನ ಮುಂದೆ ಟ್ಯಾಂಕರ್ ಸಾಲು. ಕರೆಂಟ್ ಹೋದರೆ ಡೀಸೆಲ್ ಜನರೇಟರ್ ಗರ್ಜಿಸುತ್ತದೆ. ಮೈತುಂಬ ಗಾಜು ಹೊದ್ದು ಒಳಗೆ ಸ್ವೆಟರ್ ಹಾಕಿಸುವ ಕಟ್ಟಡ ಹಸಿರು ಹೇಗಾದೀತು?”

ಇವನು ಫಲಕ ಓದಿದ್ದಾನೆ, ಶಾಸ್ತ್ರ ಓದಿಲ್ಲ. ಹೊಸ ಕಟ್ಟಡದ ಇಂಧನ ಉಳಿತಾಯವನ್ನು ಕಂಪ್ಯೂಟರಿನಲ್ಲಿ, ಎಲ್ಲೂ ಇಲ್ಲದ ಇನ್ನೊಂದು ಕಟ್ಟಡಕ್ಕೆ ಹೋಲಿಸಿ ಲೆಕ್ಕ ಹಾಕುತ್ತಾರೆ. ನಡೆಯುತ್ತಿರುವ ಕಟ್ಟಡದ ಬಳಕೆ ನೋಡಿ ಕೊಡುವ ಪ್ರಮಾಣಪತ್ರ ಬೇರೆಯೇ ಇದೆ. ಆದರೆ ಜಾಹೀರಾತಿಗೆ ಮೊದಲನೆಯದೇ ಸಾಕು. ಹುಟ್ಟಿದ ದಿನದ ಜಾತಕ ತೋರಿಸಿ ವರನ ಈಗಿನ ನಡತೆಗೆ ಜಾಮೀನು ಕೊಟ್ಟಂತೆ.

ಕಟ್ಟಡದಾಚೆ, ಪರಿಸರಸ್ನೇಹಿ ವಸ್ತುಗಳಿಗೆಂದು ಸರ್ಕಾರವೂ 1991ರಲ್ಲಿ ಮಣ್ಣಿನ ಮಡಕೆಯ ಗುರುತಿನ ಇಕೋಮಾರ್ಕ್ ತಂದಿತ್ತು. ಕಂಪನಿಗಳು ಅದಕ್ಕೆ ಮುಗಿಬೀಳಲಿಲ್ಲ. ಪರೀಕ್ಷೆಗೆ ಕೂರಬೇಕಲ್ಲ! ಡಿಟಿಪಿಯವನ ಬಳಿ ಎರಡು ಎಲೆ, ಒಂದು ಹನಿ ಬರೆಸಿಕೊಂಡರೆ ಮಧ್ಯಾಹ್ನದೊಳಗೆ ಕೆಲಸ ಮುಗಿಯುತ್ತದೆ. ಇನ್ನು ಫ್ರಿಜ್ಜಿನ ಮೇಲಿನ ಬಿಇಇ (ಇಂಧನ ದಕ್ಷತಾ ಬ್ಯೂರೋ) ನಕ್ಷತ್ರ ಚೀಟಿಯನ್ನಂತೂ ಶಾಸ್ತ್ರಜ್ಞರು ಹತ್ತಿರ ಸೇರಿಸುವುದಿಲ್ಲ. ಫ್ರಿಜ್ಜು ವರ್ಷಕ್ಕೆ ಎಷ್ಟು ಯೂನಿಟ್ ತಿನ್ನುತ್ತದೆ, ನಕ್ಷತ್ರ ಯಾವ ಅವಧಿಗೆ ಎಂಬುದನ್ನೆಲ್ಲ ಗಿರಾಕಿಯ ಎದುರೇ ಬಾಯಿಬಿಡುತ್ತದೆ. ವ್ಯಾಪಾರದ ಮರ್ಯಾದೆ ಗೊತ್ತಿಲ್ಲದ ಚೀಟಿ ಅದು.

ವಿಘ್ನವೊಂದು ಬಂದಿದೆ. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ‘ಹಸಿರು’, ‘ಪರಿಸರಸ್ನೇಹಿ’ ಎಂದು ಬರೆದವರು ಪುರಾವೆ ಇಟ್ಟುಕೊಂಡಿರಬೇಕು. ಆ ಮಾತು ಇಡೀ ವಸ್ತುವಿಗೋ ಬರೀ ಪ್ಯಾಕಿಂಗಿಗೋ ಎಂದೂ ಹೇಳಬೇಕು. ಶಾಸ್ತ್ರಜ್ಞರು ಇದಕ್ಕೆ ಪರಿಹಾರ ಹುಡುಕುತ್ತಿದ್ದಾರೆ.

ಅದು ಸಿಗುವ ಮೊದಲೇ ಓದುಗರು ಒಂದು ಕೆಲಸ ಮಾಡಬಹುದು: ಫಲಕ ತೋರಿಸಿದವರನ್ನು ಅದು ಯಾವ ಇಸವಿಯದೆಂದು ವಿಚಾರಿಸಿ, ಕಳೆದ ವರ್ಷದ ಕರೆಂಟ್ ಬಿಲ್ ಕೇಳಿ.