ಕಿವಿವಂತರ ಸಹವಾಸ

ಕಂಪ್ಯೂಟರಿನಲ್ಲಿ ನಾನು ಮಲ್ಲಿಕಾರ್ಜುನ ಮನ್ಸೂರರನ್ನು ವಿಎಲ್‌ಸಿ ಪ್ಲೇಯರ್ ಹಾಕಿ ಕೇಳುತ್ತಿದ್ದುದನ್ನು ಕಂಡ ಗೆಳೆಯ, ರೇಷ್ಮೆ ಸೀರೆಯನ್ನು ಬಂಡೆಗೆ ಬಡಿದು ಒಗೆಯುವವನನ್ನು ಕಂಡವನಂತೆ ಮುಖ ಹಿಂಡಿದ. “ರಸ್ತೆ ಅಗೆಯೋರ ಕೋನ್ ಹೊತ್ತಿರೋ ಸಾಫ್ಟ್‌ವೇರಿನಲ್ಲಿ ಮನ್ಸೂರರನ್ನ ಕೇಳ್ತೀಯಲ್ಲೋ ಮಾರಾಯ!”

ಅವನು ಕಿವಿವಂತ. ಒಂದು ಪ್ಲೇಯರಿನಲ್ಲಿ ತಂಬೂರಿ ಅವನಿಗೆ ಬೆಚ್ಚಗೆ ಕೇಳುತ್ತದೆ. ದುಡ್ಡು ಕೊಟ್ಟು ತಂದ ಇನ್ನೊಂದರಲ್ಲಿ ಹಾರ್ಮೋನಿಯಂ ಎರಡಡಿ ಹಿಂದೆ ಸರಿದು ಕೂರುತ್ತದೆ.

ಅವನ ವಾದದಲ್ಲಿ ಹುರುಳು ಇಲ್ಲದಿಲ್ಲ. ಸಿಡಿಯಲ್ಲಿ ಸೆಕೆಂಡಿಗೆ ಸದ್ದಿನ 44,100 ಮಾದರಿಗಳು (ಸ್ಯಾಂಪಲ್) ಅಂಕಿಗಳಾಗಿ ಇರುತ್ತವೆ. ವಿಂಡೋಸ್‌ಗೋ ಹಾಡಿನ ಜೊತೆಗೆ ಮೇಲ್ ಬಂದ ‘ಟಣ್’ ಸದ್ದನ್ನೂ ಬೆರೆಸುವ ಹೊಣೆ. ಹಾಗಾಗಿ ಎಲ್ಲವನ್ನೂ ಒಂದೇ ಲೆಕ್ಕಕ್ಕೆ, ಸಾಮಾನ್ಯವಾಗಿ 48,000ಕ್ಕೆ, ತಂದು ಕಲಸುತ್ತದೆ. ಇದನ್ನು ತಪ್ಪಿಸಲು ‘ವಾಸಾಪಿ ಎಕ್ಸ್‌ಕ್ಲೂಸಿವ್’ ಎಂಬ ದಾರಿಯಿದೆ. ಅದನ್ನು ಹಿಡಿದ ಪ್ಲೇಯರು ಸೌಂಡ್ ಕಾರ್ಡನ್ನು ಪೂರ್ತಿ ತನ್ನದಾಗಿಸಿಕೊಂಡು, ಉಳಿದವರ ಬಾಯಿ ಮುಚ್ಚಿಸುತ್ತದೆ. ಮನ್ಸೂರರು ಹಾಡುತ್ತಿರುವಷ್ಟು ಹೊತ್ತು ಆಫೀಸಿನ ಮೀಟಿಂಗಿನ ಗಂಟೆಯೂ ಕೇಳಿಸದು. ಈ ಒಂದು ಗುಣಕ್ಕೇ ನಾನು ಅದಕ್ಕೆ ಮಾರುಹೋದೆ.

ಆದರೆ ಅಂಕಿಗಳು ಹೀಗೆ ಕೆಡದೆ ತಲುಪಿದ ಮೇಲೆ ಯಾವ ಪ್ಲೇಯರಾದರೂ ಅಷ್ಟೇ. ಹಾರ್ಮೋನಿಯಂ ಸರಿಯಲು ಜಾಗವಿಲ್ಲ. ಪ್ಲೇಯರಿನ ಮಾತಿರಲಿ, ಫೈಲಿನ ವ್ಯತ್ಯಾಸವಾದರೂ ಕಿವಿಗೆ ಸಿಗುತ್ತದೆಯೇ? ಫೂಬಾರ್2000 ಎಂಬ ಪ್ಲೇಯರಿಗೆ ‘ಎಬಿಎಕ್ಸ್’ ಎಂಬ ಪರೀಕ್ಷೆಯೊಂದನ್ನು ಸೇರಿಸಿಕೊಳ್ಳಬಹುದು: ಯಾವುದು ಎಂದು ಹೇಳದೆ ಎರಡು ಫೈಲುಗಳನ್ನು ಕೇಳಿಸಿ, ಗುರುತಿಸು ನೋಡೋಣ ಎನ್ನುತ್ತದೆ. ಏನನ್ನೂ ಕಳೆಯದ ಫ್ಲಾಕ್ ಫೈಲು ಯಾವುದು, ಒಂದಷ್ಟು ಕಳೆದು ಕುಗ್ಗಿಸಿದ 320 ಕೆಬಿಪಿಎಸ್ ಎಂಪಿ3 ಯಾವುದು ಎಂದು ಗೆಳೆಯನನ್ನೇ ಕೂರಿಸಿದೆ. ಅವನ ಉತ್ತರಗಳಿಗೂ ನಾಣ್ಯ ಚಿಮ್ಮಿದ್ದಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ. “ಇವತ್ತು ಸ್ವಲ್ಪ ಶೀತ ಕಣೋ” ಎಂದ.

ನಿಜವಾದ ಪೇಚು ಇರುವುದು ಸದ್ದಿನಲ್ಲಲ್ಲ, ಪಟ್ಟಿಯಲ್ಲಿ. ಈ ಸಾಫ್ಟ್‌ವೇರುಗಳಿಗೆ ಗೊತ್ತಿರುವುದು ಆರ್ಟಿಸ್ಟ್, ಆಲ್ಬಂ, ಜಾನರ್. ರಾಗವನ್ನು ಎಲ್ಲಿ ಬರೆಯೋಣ? ಪುರಂದರದಾಸರು ಆರ್ಟಿಸ್ಟೋ, ಕಂಪೋಸರೋ? ನನ್ನ ಸಂಗ್ರಹದಲ್ಲಿ ಭೀಮಸೇನ ಜೋಶಿಯವರು ‘ಭೀಮಸೇನ’ರಾಗಿ ಒಂದು ಕಡೆ, ‘ಪಂಡಿತ್’ ಆಗಿ ಇನ್ನೊಂದು ಕಡೆ ಕೂತು ಒಬ್ಬರಿಗೊಬ್ಬರು ಅಪರಿಚಿತರಾಗಿದ್ದರು. ಮನ್ಸೂರರು ‘ವರ್ಲ್ಡ್ ಮ್ಯೂಸಿಕ್’ ಎಂಬ ಗುಂಪಿನಲ್ಲಿ ಯಾರ ಯಾರ ಜೊತೆಗೋ ಸಿಕ್ಕಿಕೊಂಡಿದ್ದರು. ಅಪರೂಪದ ರಾಗಗಳಿಗೇ ಹೆಸರಾದ ಧಾರವಾಡದ ಗವಾಯಿಯ ಹಾಡಿಗೆ ‘ಟ್ರ್ಯಾಕ್ 01’ ಎಂಬ ಹೆಸರು!

ಪೀಟರ್ ಪಾವ್ಲೋವ್ಸ್ಕಿ 2002ರಲ್ಲಿ ಹೊರತಂದ ಫೂಬಾರ್ ಈ ವಿಷಯದಲ್ಲಿ ಉದಾರಿ. ‘ರಾಗ’ ಎಂಬ ಕಾಲಂ ನಾವೇ ಮಾಡಿಕೊಳ್ಳಬಹುದು, ಕನ್ನಡದಲ್ಲೇ ಬರೆಯಬಹುದು. ವಿಲಂಬಿತ ಮುಗಿದು ದ್ರುತ್ ಶುರುವಾಗುವಾಗ ನಡುವೆ ಅದು ಉಸಿರು ಕಟ್ಟುವುದಿಲ್ಲ. ಅಂದಚಂದ ಮಾತ್ರ ಕೇಳಬೇಡಿ.

ಉಚಿತವಾಗಿ ಸಿಗುತ್ತದೆ, ಹಾಕಿಕೊಳ್ಳಿ. ದುಡ್ಡು ಕೈ ಕಡಿಯುತ್ತಿದ್ದರೆ ಒಳ್ಳೆಯ ಹೆಡ್‌ಫೋನ್ ಕೊಳ್ಳಿ. ಅದರ ವ್ಯತ್ಯಾಸ ಶೀತ ಆದವರಿಗೂ ಕೇಳಿಸುತ್ತದೆ.