ಒರಿಜಿನಲ್ ಕಾಪಿ ಐತ್ರಿ!

ಗದಗ-ಬೆಟಗೇರಿ ಮಂದಿ ಮಿರ್ಚಿ ತಿನ್ನುವ ಮುಂಚೆ ಎಣ್ಣೆಯ ಬಣ್ಣ ನೋಡುತ್ತಾರೆ. ಚಾರ್ಜರ್ ಕೊಳ್ಳುವಾಗ ಮಾತ್ರ ವಯರಿನ ಬಣ್ಣ. ‘ಒರಿಜಿನಲ್ ಏನೋ ತಮ್ಮಾ?’ ಎಂದರೆ ಮುಂಡರಗಿ ಬಸ್‌ಸ್ಟ್ಯಾಂಡಿನ ಹುಡುಗ, ‘ಹೌದ್ರೀ ಕಾಕಾ, ಒರಿಜಿನಲ್ ಕಾಪಿ ಐತ್ರಿ’ ಎನ್ನುತ್ತಾನೆ. ಇಷ್ಟು ಪ್ರಾಮಾಣಿಕತೆ ಯಾವ ಜಾಹೀರಾತಿನಲ್ಲೂ ಇಲ್ಲ ಬಿಡಿ.

ಚಾರ್ಜರಿನ ಬೆನ್ನ ಮೇಲೆ ಇರುವೆ ಸಾಲಿನಂಥ ಅಕ್ಷರಗಳಲ್ಲಿ ‘ಐಎಸ್ 13252’ರಂಥ ಮಾನಕ, ಜೊತೆಗೆ ‘ಆರ್’ ಮುಂದೆ 8 ಅಂಕಿ ಇರಬೇಕು. ಅದು ಭಾರತೀಯ ಮಾನಕ ಬ್ಯೂರೋ, ಅಂದರೆ ಬಿಐಎಸ್‌ನ ಕಡ್ಡಾಯ ನೋಂದಣಿ ಸಂಖ್ಯೆ. ಬಿಐಎಸ್ ಕೇರ್ ಆ್ಯಪಿನಲ್ಲಿ ಆ ನಂಬರ್ ಹಾಕಿದರೆ ತಯಾರಕರ ಹೆಸರು ಬರುತ್ತದೆ. ಆದರೆ ಆ್ಯಪ್ ತೆರೆಯಲು ಫೋನಿನಲ್ಲಿ ಚಾರ್ಜ್ ಇರಬೇಕಲ್ಲ!

ಶಿರಹಟ್ಟಿಯ ನಮ್ಮ ಸೋದರಮಾವ ಕನ್ನಡಕ ಏರಿಸಿ ಓದಿ, ‘ಆರ್ ಐತಿ, ಆದ್ರ ಅಂಕಿ ಆರೇ ಅದಾವಲ್ಲೋ’ ಎಂದರು. ಅಂಗಡಿಯವ ಅಳುಕಲಿಲ್ಲ: ‘ಉಳಿದ ಎರಡು ನಮ್ಮ ಲಕ್ಷ್ಮೇಶ್ವರದ ಅಂಗಡ್ಯಾಗ ಸಿಗ್ತಾವ್ರಿ.’