ಮೂರನೇ ತೂತಿನ ಮಹಿಮೆ

2008ರ ಮೇ ತಿಂಗಳಲ್ಲಿ ದೇವನಹಳ್ಳಿ ಬಳಿ ವಿಮಾನ ಇಳಿಯತೊಡಗಿದ ಮೇಲೆ ಚಿಕ್ಕಜಾಲದ ಸುತ್ತ ಹೊಲ ಸೈಟಾಯಿತು, ಸೈಟು ಮನೆಯಾಯಿತು, ಮನೆಯ ತಲೆಯ ಮೇಲೆ ಬಾಡಿಗೆ ಮನೆಗಳು ಎದ್ದವು. ಊರಿನ ಹಳೇ ಕೋಟೆ ಮಾತ್ರ ಪಾಳುಬಿದ್ದೇ ನಿಂತಿದೆ. ಅದರಲ್ಲಿ ವೈರಿಂಗ್ ಇಲ್ಲವಾದ್ದರಿಂದ ಅಲ್ಲಿ ಯಾರಿಗೂ ಶಾಕ್ ಹೊಡೆಯುವುದಿಲ್ಲ. ಹೊಸ ಮನೆಗಳ ವಿಷಯದಲ್ಲಿ ಇಷ್ಟು ಧೈರ್ಯವಾಗಿ ಹೇಳಲಾರೆ.

ಹೊಸ ಮನೆಯ ಪ್ರತಿ ಸಾಕೆಟ್ಟಿನ ನೆತ್ತಿಯಲ್ಲೂ ಒಂದು ದಪ್ಪ ತೂತು ಇರುತ್ತದೆ. ಎರಡು ಪಿನ್ನಿನ ಚಾರ್ಜರ್ ಒಳಗೆ ಹೋಗದಿದ್ದಾಗ ಬಾಲ್‌ಪೆನ್ ತುರುಕಿ ಬಾಗಿಲು ತೆರೆಯುವುದಕ್ಕೆಂದು ಅದನ್ನು ಇಟ್ಟಿದ್ದಾರೆ ಎಂದು ಬಹುಪಾಲು ಜನ ನಂಬಿದ್ದಾರೆ. ನಂಬಿಕೆ ತಪ್ಪೆನ್ನಲಾಗದು. ಎಷ್ಟೋ ಮನೆಗಳಲ್ಲಿ ಆ ತೂತಿನ ಹಿಂದೆ ತಂತಿಯೇ ಇರುವುದಿಲ್ಲ. ಶಿವನಸಮುದ್ರದಿಂದ ಬೆಂಗಳೂರಿಗೆ ಕರೆಂಟ್ ಬಂದದ್ದು 1905ರಲ್ಲಿ. ಅರ್ಥಿಂಗ್ ಇನ್ನೂ ದಾರಿಯಲ್ಲಿದೆ.

ಇದಕ್ಕೆ ಎಲೆಕ್ಟ್ರಿಷಿಯನ್ನನ್ನೇ ಬೈದು ಕೈ ತೊಳೆದುಕೊಳ್ಳುವುದು ಅನ್ಯಾಯ. ವೈರಿಂಗ್ ಮಾತಾಡುವುದು ಪಾಯಿಂಟ್ ಲೆಕ್ಕದಲ್ಲಿ. ಪಾಯಿಂಟಿಗೆ ಇಷ್ಟು ಎಂದು ಅವನು ಹೇಳುತ್ತಾನೆ, ಅದರಲ್ಲಿ ಕಾಲು ಭಾಗ ಕಡಿದುಕೊಡಿ ಎಂದು ಮಾಲೀಕರು ಕೂರುತ್ತಾರೆ. ಕಡಿದ ಕಾಲು ಭಾಗ ಎಲ್ಲಿಂದ ಬರಬೇಕು? ಫೇಸ್ ಬಿಟ್ಟರೆ ದೀಪ ಉರಿಯದು, ನ್ಯೂಟ್ರಲ್ ಬಿಟ್ಟರೂ ಉರಿಯದು. ಮೂರನೇ ತೂತಿಗೆ ಹೋಗಬೇಕಾದ ಅರ್ಥಿಂಗಿನ ಹಸಿರು ತಂತಿ ಬಿಟ್ಟರೆ ದೀಪ ಝಗಝಗ ಉರಿಯುತ್ತದೆ, ಫ್ಯಾನು ಗಿರಗಿರ ತಿರುಗುತ್ತದೆ, ಗೃಹಪ್ರವೇಶದ ಹೋಳಿಗೆಗೆ ಯಾವ ತೊಂದರೆಯೂ ಆಗದು. ಗೇಟಿನ ಮೇಲೆ ಲೇಸರಿನಲ್ಲಿ ನವಿಲು ಕೊರೆಸಿದ ಯಜಮಾನರು ಉಳಿತಾಯ ಮಾಡುವುದು ಗಾರೆ ಮುಚ್ಚುವ ಜಾಗದಲ್ಲಿ.

ಕಣ್ಣಿಗೆ ಕಾಣುವುದೆಲ್ಲ ಅಚ್ಚುಕಟ್ಟು. ಮಾಡ್ಯುಲರ್ ಸ್ವಿಚ್ಚು, ಬಂಗಾರದ ಅಂಚಿನ ಪ್ಲೇಟು. ಪ್ಲೇಟು ಬಿಚ್ಚಿದರೆ ಒಳಗೆ ಎಳೆಗಳನ್ನು ಹೊಸೆದು ಟೇಪು ಸುತ್ತಿದ ಜಾಯಿಂಟು. ವೈರಿನ ತುದಿ ಟರ್ಮಿನಲ್ಲಿಗೆ ಹಿಡಿಸಲಿಲ್ಲವೆಂದು ಅರ್ಧ ಎಳೆ ಕತ್ತರಿಸಿ ಎಸೆದಿರುತ್ತಾರೆ. ಅರ್ಥಿಂಗ್ ಕೊಡಲೇಬೇಕೆಂದು ಹಟ ಹಿಡಿದವರ ಮನೆಯಲ್ಲಿ ಹಸಿರು ತಂತಿ ಹೋಗಿ ನಲ್ಲಿಯ ಪೈಪಿಗೆ ಸುತ್ತಿಕೊಂಡಿರುತ್ತದೆ. ಪೈಪು ಪಿವಿಸಿ.

ಇನ್ನೂ ಚುರುಕಿನವರು ತಂತಿ ಎಳೆಯುವ ಗೋಜಿಗೇ ಹೋಗದೆ ಸಾಕೆಟ್ಟಿನ ಹಿಂದೆ ನ್ಯೂಟ್ರಲ್ಲಿನಿಂದಲೇ ಮೂರನೇ ತೂತಿಗೆ ಒಂದು ತುಂಡು ಕೊಡುತ್ತಾರೆ. ಫೇಸಿಗೂ ಅದಕ್ಕೂ ಬಲ್ಬು ಹಿಡಿದು ತೋರಿಸುತ್ತಾರೆ, ಉರಿಯುತ್ತದೆ. “ನೋಡಿ ಸಾರ್, ಅರ್ಥಿಂಗ್ ಫಸ್ಟ್ ಕ್ಲಾಸ್.” ಒಂದು ದಿನ ಎಲ್ಲೋ ನ್ಯೂಟ್ರಲ್ ಕಳಚಿಕೊಂಡಿತು ಅನ್ನಿ, ಫ್ರಿಜ್ಜಿನ ಮೈಗೆಲ್ಲ 230 ವೋಲ್ಟ್ ಏರಿ, ಹಾಲು ತೆಗೆಯಲು ಬಂದವರಿಗಾಗಿ ಕಾಯುತ್ತಿರುತ್ತದೆ. ಮೊದಮೊದಲು ಬರೀ ಜುಮ್ಮೆಂದರೆ ಅದಕ್ಕೂ ಪರಿಹಾರ ಸಿದ್ಧ: “ಚಪ್ಪಲಿ ಹಾಕ್ಕೊಂಡು ಮುಟ್ಟಿ ಅಮ್ಮಾ, ಏನೂ ಆಗಲ್ಲ.”

ಕರೆಂಟು ಹೆಚ್ಚಾದರೆ ತಾನೇ ಬೀಳುವ ಎಂಸಿಬಿ ಇದೆಯಲ್ಲ ಎನ್ನುವವರು ಈ ಲೆಕ್ಕ ನೋಡಬೇಕು. ಮೈಯೊಳಗೆ 30 ಮಿಲಿ ಆಂಪಿಯರ್ ದಾಟಿ ಹರಿಯತೊಡಗಿದರೆ ಜೀವಕ್ಕೆ ಅಪಾಯ. ಅದು ಸುಮಾರಾಗಿ 7 ವಾಟಿನ ಬಲ್ಬು ಎಳೆಯುವಷ್ಟು ಕರೆಂಟು. 16 ಆಂಪಿಯರಿನ ಎಂಸಿಬಿ ಲೆಕ್ಕಕ್ಕೆ ಇಟ್ಟುಕೊಳ್ಳುವುದು ಇದರ 500 ಪಟ್ಟಿಗಿಂತ ಹೆಚ್ಚು. ಒಬ್ಬ ಮನುಷ್ಯ ಸಾಯುವುದು ಅದರ ಗಮನಕ್ಕೇ ಬಾರದು. ಅದನ್ನು ಗಮನಿಸಲೆಂದೇ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಎಂಬ ಡಬ್ಬಿಯಿದೆ. ಹೋಗುವ ಕರೆಂಟಿಗೂ ಹಿಂದಿರುಗುವ ಕರೆಂಟಿಗೂ ವ್ಯತ್ಯಾಸ ಬಂತೋ, ಕಡಿದುಹಾಕುತ್ತದೆ. ಒಳಗೆಲ್ಲೋ ಕರೆಂಟು ನೆಲಕ್ಕೆ ಸೋರುತ್ತಿರುವ ಮನೆಯಲ್ಲಿ ಇದನ್ನು ಕೂರಿಸಿದರೆ ಕೂಡಲೇ ಟ್ರಿಪ್ ಆಗುತ್ತದೆ, ಏಕೆಂದರೆ ಒಳಗಿನ ತಪ್ಪು ಅದಕ್ಕೆ ಗೊತ್ತಾಗಿಬಿಡುತ್ತದೆ. “ಪೀಸ್ ಸರಿಯಿಲ್ಲ ಸಾರ್” ಎಂದು ಬಿಚ್ಚಿ ಪಕ್ಕಕ್ಕಿಡುತ್ತಾರೆ. ಆ ಮನೆಯಲ್ಲಿ ನಿಜ ಹೇಳುತ್ತಿದ್ದದ್ದು ಅದೊಂದೇ.

ಎಂಸಿಬಿಗೂ ಇದೇ ಗತಿ. 3 ಕಿಲೋವಾಟಿನ ಗೀಸರ್ 13 ಆಂಪಿಯರ್ ಎಳೆಯುತ್ತದೆ, ಜತೆಗೆ ಇಂಡಕ್ಷನ್ ಒಲೆ ಇಟ್ಟರೆ 20 ದಾಟುತ್ತದೆ. ದೀಪಕ್ಕೆಂದು ಎಳೆದ 1.5 ಚದರ ಮಿಲಿಮೀಟರಿನ ವೈರಿನಿಂದಲೇ ಎರಡಕ್ಕೂ ಕರೆಂಟು ಕೊಟ್ಟಿರುವುದರಿಂದ 16ರ ಎಂಸಿಬಿ ಪ್ರಾಮಾಣಿಕವಾಗಿ ಬೀಳುತ್ತಿರುತ್ತದೆ. ಬಾಡಿಗೆದಾರರ ಕಾಟ ತಾಳದೆ ಮಾಲೀಕರು ಫೋನು ಮಾಡುತ್ತಾರೆ. ಹತ್ತೇ ನಿಮಿಷದ ಕೆಲಸ: 16 ತೆಗೆದು 32 ಕೂರಿಸಿದರಾಯಿತು. ಅಂದಿನಿಂದ ಎಂಸಿಬಿ ಬೀಳುವುದಿಲ್ಲ. ಬೀಳಬೇಕಾದ ಸರದಿ ಗೋಡೆಯೊಳಗಿನ ವೈರಿನದು. 70 ಡಿಗ್ರಿಯವರೆಗೆ ತಾಳುವ ಅದರ ಪಿವಿಸಿ ಹೊದಿಕೆ ದಿನಾ ಬೆಳಗ್ಗೆ ಸ್ನಾನದ ಹೊತ್ತಿಗೆ ಒಂದಿಷ್ಟು ಬೇಯುತ್ತಿರುತ್ತದೆ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ, ಕೇಬಲ್ಲುಗಳು ಹಾದುಹೋಗುವ ಡಕ್ಟಿನಿಂದ ಎದ್ದ ಹೊಗೆ ಮಹಡಿಗಳನ್ನು ತುಂಬಿ 9 ಜನ ಸತ್ತರು. ಅಂಥ ಸುದ್ದಿ ಓದುವಾಗ ನಾವೆಲ್ಲ ಲೊಚಗುಟ್ಟುತ್ತೇವೆ, ಗೀಸರ್ ಆಫ್ ಮಾಡಲು ಹೋಗುವುದಿಲ್ಲ.

ನಿಯಮ ಇಲ್ಲವೇ? ಬೇಕಾದಷ್ಟಿದೆ. ವೈರಿಂಗಿಗೆ ಐಎಸ್ 732, ಅರ್ಥಿಂಗಿಗೆ ಐಎಸ್ 3043. ಲೈಸೆನ್ಸ್ ಇರುವ ಗುತ್ತಿಗೆದಾರನೇ ಕೆಲಸ ಮಾಡಿಸಬೇಕು, ಪರ್ಮಿಟ್ ಇರುವ ವೈರ್‌ಮನ್ನೇ ಕೈ ಹಾಕಬೇಕು. ಲೈಸೆನ್ಸ್ ಕೊಡಲು ವಿದ್ಯುತ್ ಪರಿವೀಕ್ಷಣಾಲಯವಿದೆ. ಕೊನೆಗೆ ಎಲ್ಲ ಸರಿಯಿದೆ ಎಂಬ ಕಾಗದಕ್ಕೆ ಲೈಸೆನ್ಸ್‌ದಾರರ ಸಹಿ. ಸಹಿ ಹಾಕುವ ಮಹನೀಯರಲ್ಲಿ ಕೆಲವರ ದಿವ್ಯದೃಷ್ಟಿ ಎಂಥದೆಂದರೆ, ಮನೆ ಯಾವ ಬೀದಿಯಲ್ಲಿದೆ ಎಂದೂ ನೋಡದೆ ಅದರ ಗೋಡೆಯೊಳಗಿನ ವೈರು ಸರಿಯಿದೆ ಎಂದು ಹೇಳಬಲ್ಲರು. ವಾಸಯೋಗ್ಯವೆಂಬ ಪ್ರಮಾಣಪತ್ರ (ಓಸಿ) ಇಲ್ಲದ ಕಟ್ಟಡಕ್ಕೆ ಕರೆಂಟ್ ಕೊಡಬಾರದೆಂದು 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲಂತೂ ಟೀ ಅಂಗಡಿಗಳಲ್ಲಿ ಬರೀ ಕಾಗದದ್ದೇ ಮಾತು. ಸ್ವಿಚ್‌ಬೋರ್ಡ್ ಬಿಚ್ಚಿ ನೋಡಿದಿರಾ ಎಂದು ಕೇಳಿದವರು ಇಲ್ಲ.

ನಿಜವಾಗಿ ತಪಾಸಣೆ ಮಾಡುವವರು ವಾಸ್ತು ನೋಡುವವರು ಮಾತ್ರ. ಮೀಟರ್ ಬೋರ್ಡ್ ಆಗ್ನೇಯಕ್ಕೇ ಬರಬೇಕು, ಬಾರದಿದ್ದರೆ ಒಡೆಸಿ ತರುತ್ತಾರೆ. ಈಶಾನ್ಯ ದೇವಮೂಲೆ, ಅಲ್ಲಿ ಅರ್ಥಿಂಗ್ ಗುಂಡಿ ಕೂಡದು. ನೈಋತ್ಯದಲ್ಲಿ ಗುಂಡಿ ತೋಡಿದರೆ ಯಜಮಾನರಿಗೆ ಕೇಡು. ವಾಯುವ್ಯದಲ್ಲಿ ಈಗಾಗಲೇ ಕಾರು ನಿಂತಿದೆ. ಹೀಗೆ ಗುಂಡಿ ಕಾಂಪೌಂಡಿನಿಂದಲೇ ಗಡಿಪಾರಾಗುತ್ತದೆ.

ಒಳ್ಳೆಯ ಕೆಲಸಗಾರ ಚಿಕ್ಕಜಾಲದಲ್ಲಿ ಇಲ್ಲವೆಂದಲ್ಲ. ಅವನನ್ನು ಗುರುತಿಸುವುದು ಸುಲಭ, ಎಲ್ಲರೂ ಅವನ ಮೇಲೆ ದೂರು ಹೇಳುತ್ತಿರುತ್ತಾರೆ. ಪೈಪಿನೊಳಗೆ ಜಾಯಿಂಟ್ ಹಾಕಲ್ಲ ಎಂದು ಹೊಸ ಕಾಯಿಲ್ ತರಿಸುತ್ತಾನೆ. ಗೀಸರಿಗೆ 4 ಚದರ ಮಿಲಿಮೀಟರಿನ ವೈರೇ ಬೇಕು ಎನ್ನುತ್ತಾನೆ. ತುದಿಗೆ ಲಗ್ ಒತ್ತುತ್ತಾನೆ, ಎಂಸಿಬಿಗಳ ಡಬ್ಬಿಯೊಳಗೆ ಪ್ರತಿ ತಂತಿಗೂ ನಂಬರ್ ಅಂಟಿಸುತ್ತಾನೆ, ವೈರಿನ ಹೊದಿಕೆ ಪರೀಕ್ಷಿಸುವ 500 ವೋಲ್ಟಿನ ಮೆಗ್ಗರ್ ಹಿಡಿದು ಅರ್ಧ ದಿನ ಏನೋ ಬರೆದುಕೊಳ್ಳುತ್ತಾನೆ. ಎರಡೂವರೆ ಮೀಟರಿನ ಪೈಪು ಹೂಳಲು ಗುಂಡಿ ತೋಡಿಸಿ, ಇದ್ದಿಲು ಉಪ್ಪು ತುಂಬಿ, ನೀರು ಹೊಯ್ಯುತ್ತ ಕೂರುತ್ತಾನೆ. ಗಾರೆ ಮೇಸ್ತ್ರಿಗೆ ಅವನೆಂದರೆ ಆಗದು, ಕೆಲಸ ನಿಂತಿತು ಎಂದು. ಯಜಮಾನರಿಗೂ ಸಮಾಧಾನವಿಲ್ಲ. ಅಷ್ಟು ದುಡ್ಡು ಸುರಿದು, ಅಷ್ಟು ದಿನ ಕಾದು, ಕೊನೆಗೆ ಆದದ್ದೇನು? ಬಲ್ಬು ಪಕ್ಕದ ಮನೆಯ ಹಾಗೆಯೇ ಉರಿಯುತ್ತಿದೆ. ಶಾಕ್ ಹೊಡೆಯಲಿಲ್ಲ, ಬೆಂಕಿ ಬೀಳಲಿಲ್ಲ, ನೆಂಟರಿಗೆ ತೋರಿಸಲು ಏನೂ ಇಲ್ಲ.

ಈಗ ಅವರೇ ಮೇಲೊಂದು ಮಹಡಿ ಎಬ್ಬಿಸುತ್ತಿದ್ದಾರೆ. ವೈರಿಂಗಿಗೆ ಬೇರೆ ಹುಡುಗನನ್ನು ನೋಡಿದ್ದಾರೆ. ಪಾಯಿಂಟಿಗೆ ಐವತ್ತು ರೂಪಾಯಿ ಕಮ್ಮಿಯಂತೆ, ಮೂರೇ ದಿನಕ್ಕೆ ಮುಗಿಸಿಕೊಡುತ್ತಾನಂತೆ.